ಐದು ವರ್ಷ ಬೆಳೆಯಬಾರದ ಕಿವಿ

ಸಾರ್ವಜನಿಕ ಸಂಸ್ಥೆಗಳ ಮೇಲೆ ಕಣ್ಣಿಡುವ ಇಲಾಖೆಯ ಮಾನ್ಯ ಕಾರ್ಯದರ್ಶಿಗಳೇ,

ನಿಮ್ಮ ಕೈಕೆಳಗಿರುವ ಶ್ರವಣಯಂತ್ರ ನಿಗಮದ ಮೇಲೆ ನನ್ನದೊಂದು ದೂರಿದೆ. ಅದನ್ನು ನಿಗಮ ತೆಗೆದುಕೊಳ್ಳುತ್ತಿಲ್ಲ, ನಿಮ್ಮ ಇಲಾಖೆಯೂ ತೆಗೆದುಕೊಳ್ಳುತ್ತಿಲ್ಲ. ಹಾಗಾಗಿ ನಾಲ್ಕು ಜನ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ಇದರಿಂದ ನಿಮಗೆ ಮುಜುಗರವಾದರೆ ಕ್ಷಮಿಸಿ. ಮುಜುಗರವಾಗದಿದ್ದರೂ ಕ್ಷಮಿಸಿ, ನನಗೆ ಬರೆಯುವ ಅಭ್ಯಾಸ ಕಡಿಮೆ.

ಮೊದಲು ಅಭಿನಂದನೆ ಹೇಳಿಬಿಡುತ್ತೇನೆ. ನಿಗಮದ ವ್ಯವಸ್ಥಾಪಕ ನಿರ್ದೇಶಕರಿಗೆ ನೀವು ಫಲಕ ಕೊಡುತ್ತಿರುವ ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ಇಡೀ ವರ್ಷದಲ್ಲಿ ಒಂದೇ ಒಂದು ದೂರೂ ಬಾರದ ಸಂಸ್ಥೆ ನಿಮ್ಮ ಇಲಾಖೆಯಡಿ ಅದೊಂದೇ ಎಂದು ಕೆಳಗೆ ಬರೆದಿದ್ದರು. ಇಬ್ಬರೂ ನಗುತ್ತಿದ್ದಿರಿ. ನನ್ನ ಅಂಗಡಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿಯೊಬ್ಬರು ಅದನ್ನು ಜೋರಾಗಿ ಓದಿ, "ನೋಡಪ್ಪಾ, ಸರ್ಕಾರದಲ್ಲೂ ಕೆಲಸ ಮಾಡೋರು ಇದ್ದಾರೆ" ಅಂದರು. ನನ್ನ ಕೈಯಲ್ಲಿ ಆಗ ಕತ್ತಿ ಇತ್ತು. ಅದಕ್ಕೇ ನಾನು ತುಟಿ ಪಿಟಿಕ್ ಅನ್ನಲಿಲ್ಲ.

ಈ ಸೊನ್ನೆ ಹೇಗೆ ತಯಾರಾಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ, ನಾನು ಹೇಳುತ್ತೇನೆ. ಕಿವಿ ಕೇಳಿಸದವರಿಗೆ ಯಂತ್ರ ಮಾಡಿಕೊಡುವ ಈ ನಿಗಮ ದೂರು ಸ್ವೀಕರಿಸುವುದು ಫೋನಿನಲ್ಲಿ ಮಾತ್ರ. ಬರೆದುಕೊಟ್ಟರೆ ಅದು "ಸಲಹೆ". ಖುದ್ದಾಗಿ ಹೋಗಿ ಹೇಳಿದರೆ ಅದು "ಸಂದರ್ಶಕರ ಭೇಟಿ". ಫೋನಿನಲ್ಲಿ ಹೇಳಿದರಷ್ಟೇ ಅದು "ದೂರು". ಆ ಫೋನಿನಲ್ಲೂ ಯಂತ್ರವನ್ನು ಬಳಸುವವರೇ ಮಾತಾಡಬೇಕು. ಅಪ್ಪ, ಅಮ್ಮ, ಹೆಂಡತಿ, ಮಕ್ಕಳು ಯಾರು ಮಾತಾಡಿದರೂ ನಡೆಯುವುದಿಲ್ಲ. ಆಗದವರು ಯಾರೋ ಸುಳ್ಳು ದೂರು ಕೊಟ್ಟು ನಿಗಮದ ಹೆಸರು ಕೆಡಿಸಿಯಾರು ಎಂಬ ಮುನ್ನೆಚ್ಚರಿಕೆಯಂತೆ. ಈಗ ಹೇಳಿ ಸ್ವಾಮಿ, ಯಂತ್ರ ಕೆಟ್ಟು ಏನೂ ಕೇಳಿಸದೆ ಕೂತವರು ಫೋನು ಎತ್ತಿ, ಆ ಕಡೆಯವರ ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರ ಹೇಳಿದರೆ ಅವರಿಗೆ ಯಂತ್ರವೇಕೆ? ಹಾಗೆ ಉತ್ತರ ಹೇಳಿದವರ ದೂರು ಸುಳ್ಳೆಂದು ತಳ್ಳಿಹಾಕಲು ನಿಗಮಕ್ಕೆ ಇನ್ನೊಂದು ಕಾರಣವೂ ಸಿಕ್ಕಂತಾಗುತ್ತದೆ. ಎರಡೂ ಕಡೆ ಬಾಗಿಲು ಹಾಕಿ, ಒಳಗೆ ಯಾರೂ ಬರಲೇ ಇಲ್ಲ ಎಂದು ವರದಿ ಕಳಿಸಿದ್ದಾರೆ. ನೀವು ಅದಕ್ಕೆ ಫಲಕ ಕೊಟ್ಟಿದ್ದೀರಿ.

ನಾನು ಯಾರು ಎಂದು ಹೇಳಲಿಲ್ಲ. ನಾನು ಕ್ಷೌರದ ಅಂಗಡಿ ಇಟ್ಟುಕೊಂಡವನು. ಎರಡು ಕುರ್ಚಿ, ಎದುರಿಗೆ ಉದ್ದಕ್ಕೂ ಕನ್ನಡಿ, ಹಿಂದೆ ಕಾಯುವವರಿಗೆ ಒಂದು ಬೆಂಚು. ಬೆಳಗಿನಿಂದ ಸಂಜೆವರೆಗೆ ಜನರ ಕಿವಿಗಳ ಸುತ್ತಲೇ ನನ್ನ ಕೆಲಸ. ಅಪ್ಪನ ತೊಡೆಯ ಮೇಲೆ ಕೂತು ಕೂದಲು ತೆಗೆಸಿಕೊಂಡ ಮಕ್ಕಳು ಈಗ ತಾವೇ ಬಂದು ಕಾಲ ಮೇಲೆ ಕಾಲು ಹಾಕಿ ಕೂರುತ್ತಾರೆ. ಅವರ ಜೊತೆಗೆ ಅವರ ಕಿವಿಗಳೂ ಬೆಳೆದಿರುತ್ತವೆ. ಇದನ್ನು ಕಂಡುಹಿಡಿಯಲು ನನಗೆ ಯಾವ ತರಬೇತಿಯೂ ಬೇಕಾಗಲಿಲ್ಲ. ಇಷ್ಟೊಂದು ಸಣ್ಣ ಸಂಗತಿಯನ್ನು ಇಷ್ಟು ದೊಡ್ಡ ಅಧಿಕಾರಿಗೆ ಬಿಡಿಸಿ ಹೇಳಬೇಕಾಗಿ ಬಂದದ್ದಕ್ಕೆ ನನಗೇ ನಾಚಿಕೆಯಾಗುತ್ತಿದೆ. ಆದರೆ ನಿಮ್ಮ ಇಲಾಖೆಯೂ ನಿಗಮವೂ ಸೇರಿ ಮಾಡಿಕೊಂಡಿರುವ ಒಪ್ಪಂದದ ಪ್ರಕಾರ ಒಂದು ಮಗುವಿನ ಕಿವಿ ಐದು ವರ್ಷ ಬೆಳೆಯಬಾರದು.

ನನ್ನ ಮಗಳಿಗೆ ಐದು ವರ್ಷ. ಒಂದು ಕಡೆ ನಿಂತವಳಲ್ಲ, ಅದಕ್ಕೇ ಮನೆಯಲ್ಲಿ ಅವಳನ್ನು ಬುಗುರಿ ಅಂತ ಕರೆಯುತ್ತೇವೆ. ಎರಡು ವರ್ಷದವಳಿದ್ದಾಗ ಒಂದು ದಿನ ಅಡುಗೆಮನೆಯಲ್ಲಿ ಸ್ಟೀಲಿನ ತಟ್ಟೆಗಳ ಸಾಲೇ ಕೆಳಗೆ ಬಿತ್ತು. ಪಕ್ಕದ ಮನೆಯವರು ಏನಾಯಿತೆಂದು ಓಡಿಬಂದರು. ಅಲ್ಲೇ ಬೆನ್ನು ತಿರುಗಿಸಿ ಆಡುತ್ತಿದ್ದ ಬುಗುರಿ ಮಾತ್ರ ತಿರುಗಿ ನೋಡಲಿಲ್ಲ. ನನ್ನ ಹೆಂಡತಿ ಇನ್ನೊಂದು ತಟ್ಟೆಯನ್ನು ಬೇಕೆಂದೇ ಬೀಳಿಸಿದಳು. ಆಮೇಲೆ ಇನ್ನೊಂದು. ಆ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಆಸ್ಪತ್ರೆಯವರು ಪರೀಕ್ಷೆ ಮಾಡಿ ನಿಗಮದ ಯಂತ್ರ ಬರೆದುಕೊಟ್ಟರು. ಇಲ್ಲಿ ನಿಗಮವನ್ನು ಬೈಯಲಾರೆ: ಯಂತ್ರ ಚೆನ್ನಾಗಿಯೇ ಇತ್ತು. ಕಿವಿಯ ಹಿಂದೆ ಕೂರುವ ಪುಟ್ಟ ಯಂತ್ರ, ಅದರಿಂದ ಒಂದು ಸಣ್ಣ ನಳಿಕೆ, ನಳಿಕೆಯ ತುದಿಯಲ್ಲಿ ಕಿವಿಯೊಳಗೆ ಸರಿಯಾಗಿ ಕೂರುವ ಮೆತ್ತನೆಯ ಅಚ್ಚು. ಅವಳ ಕಿವಿಯದೇ ಅಳತೆ ತೆಗೆದು ಮಾಡಿದ ಅಚ್ಚು. ಅದನ್ನು ಹಾಕಿಸಿಕೊಂಡು ಹೆಂಡತಿ ಅವಳನ್ನು ನೇರ ಅಂಗಡಿಗೇ ಕರೆದುಕೊಂಡು ಬಂದಳು. ನಾನು ಒಬ್ಬರ ತಲೆ ಅರ್ಧ ಮುಗಿಸಿದ್ದೆ. ಬುಗುರಿ ಬಾಗಿಲಲ್ಲೇ ನಿಂತುಬಿಟ್ಟಳು. ಅವಳಿಗೆ ಕತ್ತರಿಯ ಸದ್ದು ಕೇಳಿಸಿತ್ತು! ಇನ್ನೊಮ್ಮೆ ಮಾಡು ಎಂದು ಕೈ ಆಡಿಸಿದಳು. ಗಾಳಿಯಲ್ಲಿ ಕಚಕಚ ಮಾಡಿದೆ. ಮತ್ತೆ ಕೈ ಆಡಿಸಿದಳು, ಮತ್ತೆ ಮಾಡಿದೆ. ಕುರ್ಚಿಯಲ್ಲಿದ್ದವರು ಸುಮಾರು ಹೊತ್ತು ನೋಡಿ, "ಗಾಳಿಗೆ ಕಟಿಂಗ್ ಆದ್ಮೇಲೆ ನನ್ನ ತಲೆ ಕಡೆಗೂ ಒಂಚೂರು ಗಮನ ಇರಲಪ್ಪಾ" ಅಂದರು. ನನಗೆ ಕಣ್ಣು ಮಂಜಾಗಿತ್ತು. ಅವರ ತಲೆಯ ಎಡಭಾಗ ಆವತ್ತು ಅಷ್ಟೇನೂ ಚೆನ್ನಾಗಿ ಆಗಲಿಲ್ಲ, ಪಾಪ ಒಳ್ಳೆಯವರು, ಪೂರ್ತಿ ದುಡ್ಡು ಕೊಟ್ಟೇ ಹೋದರು.

ಆಮೇಲೆ ಅವಳ ಬಾಯಿ ಮುಚ್ಚಿದ್ದೇ ಇಲ್ಲ. ಮಾತು ಕಲಿಸುವ ಟೀಚರ್ ಒಬ್ಬರು ಸಿಕ್ಕರು. ಮನೆಗೆ ಬಂದವರೆಲ್ಲ ಅವಳಿಗೆ ಪಾಠದ ಪುಸ್ತಕವೇ. ಅದುವರೆಗೆ ಅವಳ ಜೊತೆ ಕಿರುಚಿ ಕಿರುಚಿ ಮಾತಾಡಿ ಅಭ್ಯಾಸವಾಗಿದ್ದ ನನ್ನ ತಾಯಿಗೆ ಒಂದು ದಿನ, "ಅಜ್ಜಿ, ಮೆಲ್ಲಗೆ ಮಾತಾಡು, ನಂಗೆ ಕಿವಿ ಇದೆ" ಅಂದುಬಿಟ್ಟಳು. ನನ್ನ ತಾಯಿ ಆ ಮಾತನ್ನು ಬೀದಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದರು.

ಮಗು ಊಟ ಮಾಡಿತು, ಬೆಳೆಯಿತು. ನಾವು ಒಪ್ಪಂದ ಓದಿರಲಿಲ್ಲವಾದ್ದರಿಂದ ತಡೆಯಲು ಹೋಗಲಿಲ್ಲ. ಕಿವಿ ದೊಡ್ಡದಾಗಿ ಅಚ್ಚು ಸಡಿಲವಾಯಿತು. ಅಚ್ಚು ಸಡಿಲವಾದರೆ ಯಂತ್ರದಿಂದ ಬಂದ ಸದ್ದು ಸಂದಿಯಿಂದ ಹೊರಗೆ ಸೋರಿ, ಮತ್ತೆ ಯಂತ್ರದೊಳಗೇ ಹೊಕ್ಕು, ಕುಯ್ಯೋ ಎಂದು ಶಿಳ್ಳೆ ಹೊಡೆಯುತ್ತದೆ. ಮೊದಲ ಸಲ ಆ ಸದ್ದು ಕೇಳಿದಾಗ ನನ್ನ ತಾಯಿ ಕುಕ್ಕರ್ ಅಂದುಕೊಂಡು ಒಲೆ ಆರಿಸಲು ಓಡಿದರು. ಒಲೆ ಹಚ್ಚಿಯೇ ಇರಲಿಲ್ಲ. ನಮಗಾದರೆ ಅದು ಹೊರಗಿನ ಶಿಳ್ಳೆ. ಅವಳಿಗೆ ಕಿವಿಯ ಬುಡದಲ್ಲೇ. ಅವಳು ಯಂತ್ರ ಕಿತ್ತು ದಿಂಬಿನ ಕೆಳಗೆ ಬಚ್ಚಿಡಲು ಶುರು ಮಾಡಿದಳು. ಟೀಚರ್ ಅಚ್ಚು ನೋಡಿದ ಕೂಡಲೇ, "ಯಂತ್ರಕ್ಕೆ ಏನೂ ಆಗಿಲ್ಲ. ಹೊಸ ಅಚ್ಚು ಹಾಕಿಸ್ಕೊಂಡು ಬನ್ನಿ, ಚಿಕ್ಕಮಕ್ಕಳಿಗೆ ಆಗಾಗ ಬದಲಾಯಿಸ್ಬೇಕಾಗತ್ತೆ" ಅಂದರು. ಅಷ್ಟೇ ತಾನೇ ಅಂದುಕೊಂಡೆವು. ಅದಾಗಿ ಒಂದೂವರೆ ವರ್ಷವಾಯಿತು.

ಮೊದಲು ನನ್ನ ಹೆಂಡತಿ ಫೋನು ಮಾಡಿದಳು. ಅವಳು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡಿ ಪಳಗಿದವಳು, ಸುಲಭಕ್ಕೆ ತಾಳ್ಮೆ ಕಳೆದುಕೊಳ್ಳುವವಳಲ್ಲ. ಆ ಕಡೆಯ ಹುಡುಗಿಯೂ ಬಹಳ ಮರ್ಯಾದಸ್ಥೆ. ಸ್ಪೀಕರ್ ಹಾಕಿದ್ದರಿಂದ ನಾನೂ ಕೇಳಿಸಿಕೊಂಡೆ.

"ಯಂತ್ರ ಬಳಸೋರು ನೀವೇನಾ ಮೇಡಂ?"

"ಅಲ್ಲಮ್ಮ, ನನ್ನ ಮಗಳು."

"ಅವರಿಗೇ ಫೋನ್ ಕೊಡಿ ಮೇಡಂ."

"ಅವಳು ಚಿಕ್ಕವಳು. ಕಿವಿ ಕೇಳ್ಸಲ್ಲ."

"ಯಂತ್ರ ಹಾಕ್ಕೊಂಡು ಮಾತಾಡಲಿ ಮೇಡಂ."

"ಅಯ್ಯೋ, ಯಂತ್ರ ಹಾಕ್ಕೊಳ್ಳೋಕೆ ಆಗ್ತಿಲ್ಲ ಅಂತಾನೇ ಅಲ್ವೇನಮ್ಮ ನಾನು ಫೋನ್ ಮಾಡಿರೋದು!"

"ಅರ್ಥ ಆಯ್ತು ಮೇಡಂ. ಅದನ್ನ ಅವರೇ ಹೇಳ್ಬೇಕು."

ಸರಿ, ನೋಡಿಬಿಡೋಣ ಎಂದು ಬುಗುರಿಗೆ ಯಂತ್ರ ಹಾಕಿ ಫೋನು ಕಿವಿಗಿಟ್ಟೆವು. ಯಂತ್ರ ಶಿಳ್ಳೆ ಹೊಡೆಯಿತು. "ಲೈನ್‌ನಲ್ಲಿ ಏನೋ ಶಬ್ದ ಬರ್ತಿದೆ ಮೇಡಂ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿ" ಎಂದು ಆ ಹುಡುಗಿ ಇಟ್ಟುಬಿಟ್ಟಳು. ನಮ್ಮ ದೂರನ್ನು ಆ ಯಂತ್ರ ಖುದ್ದಾಗಿ ಹೇಳಿತ್ತು, ಅದಕ್ಕಿಂತ ಸ್ಪಷ್ಟವಾಗಿ ಹೇಳಲು ನಮ್ಮಿಂದಾಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದೆವು. ಆಮೇಲೂ ಮಾಡಿದೆವು. ಪ್ರತಿ ಸಲವೂ ಮರ್ಯಾದೆಗೆ ಏನೂ ಕೊರತೆಯಾಗಲಿಲ್ಲ.

ಫೋನಿನ ಆಸೆ ಬಿಟ್ಟು ಅಂಗಡಿಗೆ ರಜೆ ಹಾಕಿ ನಿಗಮಕ್ಕೆ ಹೋದೆ. ಒರೆಸಿ ಇಟ್ಟ ನೆಲ, ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಪ್ರಶಸ್ತಿಪತ್ರಗಳು. ಮಕ್ಕಳ ವಿಭಾಗದ ವ್ಯವಸ್ಥಾಪಕರು ನನ್ನನ್ನು ಕೂರಿಸಿ ನೀರು ಕೊಟ್ಟು ಮಾತಾಡಿಸಿದರು. ಅಚ್ಚು ತೆಗೆಯುವುದಕ್ಕೆ ಎಷ್ಟು ಹೊತ್ತು ಬೇಕು ಅಂದೆ. ಒಂದು ಕಾಫಿ ಕುಡಿಯುವಷ್ಟು ಹೊತ್ತು ಅಂದರು. ಸಾಮಾನು ಇಲ್ಲವೇ ಅಂದೆ. ಗೋದಾಮಿನ ತುಂಬ ಇದೆ ಅಂದರು. ಮಾಡುವವರು? ಕೂತಿದ್ದಾರೆ, ಪಕ್ಕದ ಕೋಣೆಯಲ್ಲೇ. ಮತ್ತೆ ಇನ್ನೇನು ಅಡ್ಡಿ ಸಾರ್ ಅಂದದ್ದಕ್ಕೆ ಅವರು ದನಿ ತಗ್ಗಿಸಿದರು.

"ನೋಡಿ ಇವ್ರೇ, ಯಂತ್ರಕ್ಕೆ ಐದು ವರ್ಷ ಆಯಸ್ಸು ಅಂತ ಒಪ್ಪಂದದಲ್ಲಿ ಇಲಾಖೆ ಬರ್ಕೊಂಡಿದೆ. ಅಚ್ಚೂ ಯಂತ್ರದ ಒಂದು ಭಾಗ. ಐದು ವರ್ಷದೊಳಗೆ ಯಾವ ಭಾಗ ಬದಲಾಯಿಸಿದ್ರೂ ಅದು ನಮ್ಮ ತಯಾರಿಕೆಯ ದೋಷ ಅಂತ ಲೆಕ್ಕ. ಒಂದು ದೋಷಕ್ಕೆ ಇಷ್ಟು ಅಂಕ ಕಡಿತ. ಮಕ್ಕಳಿಗೆಲ್ಲ ಅಚ್ಚು ಬದಲಾಯಿಸ್ತಾ ಕೂತ್ರೆ ವರ್ಷದ ಕೊನೆಗೆ ನಾವು ಪಾತಾಳದಲ್ಲಿರ್ತೀವಿ."

"ಮಕ್ಕಳ ಕಿವಿ ಬೆಳೆಯೋದು ನಿಮ್ಮ ದೋಷ ಹೇಗಾಗತ್ತೆ ಸಾರ್?"

"ಅದನ್ನ ಇಲಾಖೆಯವರಿಗೆ ಕೇಳಿ. ನಮ್ಮ ಕೈ ಕಟ್ಟಿಹಾಕಿದಾರೆ."

ಹಾಗೆಂದು ಅವರು ಕೈಚೆಲ್ಲಲಿಲ್ಲ, ಒಂದು ಉಪಾಯ ಹೇಳಿಕೊಟ್ಟರು. ಹಳೆಯ ಯಂತ್ರಕ್ಕೆ ಹೊಸ ಅಚ್ಚು ಕೊಟ್ಟರೆ ದೋಷ; ಹೊಸ ಮಗುವಿಗೆ ಹೊಸ ಯಂತ್ರ ಕೊಟ್ಟರೆ ಸಾಧನೆ. ಆದ್ದರಿಂದ ನಮಗೆ ಇನ್ನೊಂದು ಮಗು ಇದೆಯೆಂದು ಬೇರೆ ಹೆಸರಿನಲ್ಲಿ ಅರ್ಜಿ ಹಾಕಿದರೆ ಯಂತ್ರ, ಅಚ್ಚು, ಜೊತೆಗೊಂದು ಚೀಲ ಎಲ್ಲವೂ ಹೊಸದಾಗಿ ಸಿಗುತ್ತವೆ, ಅವರಿಗೂ ಒಂದು ಅಂಕ ಬರುತ್ತದೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಇರೋ ಮಗಳಿಗೆ ಅಚ್ಚು ಕೊಡೋಕಾಗ್ದೆ ಕಾಗದದ ಮೇಲೆ ಇನ್ನೊಬ್ಬಳನ್ನ ಹೆರಬೇಕಂತಾ? ಹೆರೋದಾದ್ರೆ ನೀವೇ ಹೆತ್ಕೊಳ್ಳಿ" ಅಂದಳು. ನಾಳೆ ಆ ಇಲ್ಲದ ಮಗುವನ್ನು ಕರೆದುಕೊಂಡು ಬನ್ನಿ ಅಂದರೆ ಯಾರನ್ನು ಕರೆದುಕೊಂಡು ಹೋಗುವುದು ಎಂಬ ಭಯ ನನಗೂ ಇತ್ತು. ಹೊರಗಡೆ ಅಂಗಡಿಗಳಲ್ಲಿ ಅಚ್ಚು ಮಾಡಿಸೋಣವೆಂದರೆ ಅದು ನಿಗಮದ ಯಂತ್ರಕ್ಕೆ ಕೂರುವುದಿಲ್ಲ. ಯಂತ್ರವನ್ನೇ ಹೊರಗೆ ಕೊಳ್ಳೋಣವೆಂದರೆ ನನ್ನ ಎರಡೂ ಕುರ್ಚಿ ಮಾರಿದರೂ ಸಾಲದು.

ಅಲ್ಲಿಂದ ನಿಮ್ಮ ಇಲಾಖೆಗೆ ಬಂದೆ. ನಾಲ್ಕನೇ ಮಹಡಿ, ಲಿಫ್ಟು ಅಧಿಕಾರಿಗಳಿಗೆ ಮಾತ್ರ. ಮೇಜಿನ ಹಿಂದಿದ್ದವರು ನನ್ನ ಮಾತು ಪೂರ್ತಿಯಾಗಲು ಬಿಟ್ಟು, "ನಿಗಮ ಸ್ವಾಯತ್ತ ಸಂಸ್ಥೆ. ಅದರ ದಿನನಿತ್ಯದ ವ್ಯವಹಾರದಲ್ಲಿ ನಾವು ಮೂಗು ತೂರಿಸೋ ಹಾಗಿಲ್ಲ" ಅಂದರು. ಐದು ವರ್ಷದ ನಿಯಮ ಹಾಕಿದ್ದು ಯಾರು ಅಂದೆ. "ನಾವೇ." ಬದಲಾಯಿಸುವವರು? "ನಿಗಮದಿಂದ ಪ್ರಸ್ತಾವನೆ ಬರ್ಬೇಕು." ನಿಗಮ ಏಕೆ ಕಳಿಸುವುದಿಲ್ಲ? "ದೂರು ಬಂದ್ರೆ ಕಳಿಸ್ತಾರೆ. ಇದುವರೆಗೆ ಒಂದೂ ಬಂದಿಲ್ಲ." ನಾನು ಇಲ್ಲಿ ನಿಂತಿದ್ದೇನಲ್ಲ ಸಾರ್ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಯಂತ್ರ ಬಳಸೋರಾ?" ಅಂದರು.

ಮಾನ್ಯರೇ, ಅಂದಿನಿಂದ ನಾನು ಒಂದು ವಿಷಯ ಗಮನಿಸುತ್ತಾ ಬಂದಿದ್ದೇನೆ. ಫಲಕ ಕೊಡುವಾಗ ನಿಗಮ ನಿಮ್ಮದು. ಉದ್ಘಾಟನೆಯ ಕಲ್ಲಿನ ಮೇಲೂ ನಿಮ್ಮ ಇಲಾಖೆಯ ಹೆಸರು ದಪ್ಪಗೆ ಇದೆ. ಆಡಳಿತ ಮಂಡಳಿಯಲ್ಲಿ ನಿಮ್ಮವರೊಬ್ಬರ ಖಾಯಂ ಕುರ್ಚಿಯಿದೆ. ಯಂತ್ರ ಕೊಳ್ಳುವವರು ನೀವು, ಬೆಲೆ ಕಟ್ಟುವವರು ನೀವು, ಅಂಕ ಹಾಕುವವರೂ ನೀವು. ಆದರೆ ಒಬ್ಬ ಅಪ್ಪ ಅಚ್ಚು ಕೇಳಿಕೊಂಡು ಬಂದ ತಕ್ಷಣ ನಿಗಮ ಸ್ವಾಯತ್ತವಾಗಿಬಿಡುತ್ತದೆ. ಅಷ್ಟು ಹೊತ್ತಿಗೆ ನಿಗಮದವರು ತಾವು ನಿಮ್ಮ ಆಳುಗಳೆಂದು ಹೇಳಿ ಕೈತೊಳೆದುಕೊಂಡಿರುತ್ತಾರೆ. ಎರಡು ಮನೆಯವರೂ ತಮ್ಮದಲ್ಲ ಅಂದ ಚರಂಡಿಯ ಹಾಗೆ ನಾವು ನಡುವೆ ನಿಂತಿರುತ್ತೇವೆ. ಮಾಲೀಕರು ಯಾರು ಎಂಬುದನ್ನು ನೀವಿಬ್ಬರೂ ಒಂದು ದಿನ ಕೂತು ಮಾತಾಡಿಕೊಂಡರೆ ನಮಗೆ ಓಡಾಟವಾದರೂ ತಪ್ಪುತ್ತದೆ.

ಇದೆಲ್ಲ ಹೀಗೇಕೆ ಎಂದು ನನಗೆ ತಿಳಿಸಿದವರು ನಿಮ್ಮ ಇಲಾಖೆಯವರೇ ಒಬ್ಬರು. ನನ್ನ ಹಳೆಯ ಗಿರಾಕಿ. ಅವರ ಹುದ್ದೆ ಬರೆಯುವುದಿಲ್ಲ, ತಲೆಯ ಮೇಲೆ ಕೂದಲು ಎಷ್ಟಿದೆ ಎಂಬುದನ್ನೂ ಬರೆಯುವುದಿಲ್ಲ, ನೀವು ಹುಡುಕಿಬಿಟ್ಟೀರಿ. ಬಟ್ಟೆ ಹೊದಿಸಿ ತಲೆ ಬಗ್ಗಿಸಿದ ಮೇಲೆ ಜನ ಹೆಂಡತಿಗೆ ಹೇಳದ್ದನ್ನೂ ನನಗೆ ಹೇಳುತ್ತಾರೆ, ನಾನು ಕೇಳುವುದೂ ಬೇಡ. ಆವತ್ತು ಮಾತ್ರ ಕೇಳಿದೆ.

"ನಾನೊಬ್ಬನೇ ಕಣಯ್ಯಾ" ಅಂದರು ಅವರು. "ಬೀಜದ ನಿಗಮ, ಉಪ್ಪಿನ ನಿಗಮ, ದೋಣಿ ನಿಗಮ, ಸಿಮೆಂಟು, ನಿನ್ನ ಕಿವಿ, ಎಲ್ಲಾ ನನ್ನ ಮೇಜಿಗೇ ಬರೋದು. ಎಲ್ಲಕ್ಕೂ ಒಂದೇ ನಮೂನೆ. ಅದನ್ನ ಮಾಡಿದ್ದು ಸಿಮೆಂಟ್ ಕಾರ್ಖಾನೆಗೆ, ಆಮೇಲೆ ಉಳಿದೋರಿಗೂ ಅದನ್ನೇ ಕೊಟ್ವಿ. ಕಿವಿ ಯಂತ್ರದೋರು ಪಾಪ ತೂಕ ಹಾಕಿ ಟನ್ ಲೆಕ್ಕದಲ್ಲಿ ಕಳಿಸ್ತಾರೆ."

"ಟನ್ನಾ?"

"ಟನ್ನೇ. ಪಾಯಿಂಟ್ ಹಾಕಿ ಸೊನ್ನೆ ಸೊನ್ನೆ ಏನೋ ಬರೀತಾರೆ. ಹೋದ ವರ್ಷಕ್ಕಿಂತ ಜಾಸ್ತಿ ಇದ್ರೆ ಸರಿ ಅಂತ ಗುರುತು ಹಾಕ್ತೀನಿ."

"ನೀವು ಒಂದ್ಸಲ ಹೋಗಿ ನೋಡಿದೀರಾ ಸಾರ್?"

"ಹೋಗಿದ್ದೆ. ಹೂಗುಚ್ಛ ಕೊಟ್ರು, ಕಾರ್ಖಾನೆ ತೋರಿಸಿದ್ರು, ಯಂತ್ರಗಳನ್ನ ಸಾಲಾಗಿ ಜೋಡಿಸಿಟ್ಟಿದ್ರು, ಚೆನ್ನಾಗಿತ್ತು. ಅದನ್ನ ಹಾಕ್ಕೊಂಡಿರೋ ಒಬ್ರನ್ನೂ ನಾನು ನೋಡ್ಲಿಲ್ಲ ನೋಡು. ಆ ಕಾಲಂ ಇಲ್ಲ." ಕನ್ನಡಿಯಲ್ಲಿ ತಲೆ ಓರೆ ಮಾಡಿ ನೋಡಿಕೊಂಡು, "ಅಂಚಿನಲ್ಲಿ ಇನ್ನೂ ಸ್ವಲ್ಪ ತೆಗಿ" ಅಂದರು.

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಒಬ್ಬ ಮನುಷ್ಯನ ಮೇಲೆ ಉಪ್ಪು, ಬೀಜ, ಸಿಮೆಂಟು, ದೋಣಿ ಎಲ್ಲ ಹೇರಿ, ಜೊತೆಗೆ ಮಕ್ಕಳ ಕಿವಿಯನ್ನೂ ನೋಡಿಕೋ ಅಂದವರ ಮೇಲೆ ಬಂದಿದೆ. ನಿಮ್ಮ ಇಲಾಖೆಗೆ ಈ ಸಂಸ್ಥೆಗಳು ಏನು ಮಾಡುತ್ತವೆ ಎಂಬುದು ಬೇಕಿಲ್ಲ. ಎಷ್ಟು ಮಾಡುತ್ತವೆ ಎಂಬುದೊಂದು ಬಂದರೆ ಸಾಕು. ನಾನೂ ನನ್ನ ಅಂಗಡಿಯನ್ನು ಹಾಗೆಯೇ ನಡೆಸಬಹುದು. ಸಂಜೆ ಗುಡಿಸಿದ ಕೂದಲನ್ನು ತಕ್ಕಡಿಗೆ ಹಾಕಿ, ನಿನ್ನೆಗಿಂತ ತೂಕ ಜಾಸ್ತಿಯಾದರೆ ಇಂದು ಕಟಿಂಗ್ ಚೆನ್ನಾಗಿ ಆಗಿದೆ ಅಂದುಕೊಳ್ಳಬಹುದು. ಕುರ್ಚಿಯಿಂದ ಎದ್ದುಹೋದವರು ಕನ್ನಡಿ ನೋಡಿಕೊಂಡು ಅತ್ತರೆ ಅದಕ್ಕೆ ಕಾಲಂ ಇಲ್ಲ ಅನ್ನಬಹುದು. ಆದರೆ ನಾಳೆಯಿಂದ ಅವರು ನನ್ನ ಅಂಗಡಿ ಬಿಟ್ಟು ಬೇರೆ ಕಡೆ ಹೋಗುತ್ತಾರೆ. ನಿಮ್ಮ ನಿಗಮ ಬಿಟ್ಟರೆ ನಮಗೆ ಹೋಗಲು ಬೇರೆ ಕಡೆ ಇಲ್ಲ. ಅದಕ್ಕೇ ಅಲ್ಲವೇ ನಿಮ್ಮಂಥವರು ಒಬ್ಬರು ಮೇಲಿರಬೇಕಾದದ್ದು? ಬಿಟ್ಟುಹೋಗಲಾರದವರ ಪರವಾಗಿ ನೋಡಿಕೊಳ್ಳಲೆಂದೇ ಅಲ್ಲವೇ ನಿಮಗೆ ಆ ನಾಲ್ಕನೇ ಮಹಡಿ?

ಇಷ್ಟೆಲ್ಲ ಹಾಸ್ಯ ಮಾಡಿಕೊಂಡು ಬರೆದೆ, ನಿಜ. ಈಗ ನೆಟ್ಟಗೆ ಹೇಳುತ್ತೇನೆ. ನನ್ನ ಮಗಳ ಮಾತು ಹೋಗುತ್ತಿದೆ. ಮೊದಲು ಸಣ್ಣ ಸದ್ದುಗಳು ಹೋದವು. "ಸೋಪು" ಅನ್ನುತ್ತಿದ್ದವಳು "ಓಪು" ಅಂದಳು, ನಾವು ಮುದ್ದು ಮಾಡಿದೆವು. ಟೀಚರ್ ಮಾತ್ರ ನಗಲಿಲ್ಲ. ಆಮೇಲೆ ಉದ್ದುದ್ದ ವಾಕ್ಯಗಳು ತುಂಡಾದವು. ಈಗ ಬೇಕಾದ ವಸ್ತುವಿನ ಹತ್ತಿರ ನಮ್ಮ ಕೈ ಹಿಡಿದು ಎಳೆದುಕೊಂಡು ಹೋಗುತ್ತಾಳೆ. "ಈ ವಯಸ್ಸಿನಲ್ಲಿ ಕಿವಿಗೆ ಬಿದ್ದಿದ್ದೇ ನಾಲಿಗೆಗೆ ಬರೋದು. ಕಳೆದ ಕಾಲಾನ ಆಮೇಲೆ ತುಂಬಿಸ್ಕೊಡೋದು ನನ್ನಿಂದ ಪೂರ್ತಿ ಆಗಲ್ಲ" ಎಂದು ಟೀಚರ್ ಹೇಳಿದ್ದಾರೆ. ಹೇಳುವಾಗ ಅವರು ನಮ್ಮ ಮುಖ ನೋಡಲಿಲ್ಲ. ಕೈಸನ್ನೆಯ ಭಾಷೆಯನ್ನೂ ಮನೆಮಂದಿಯೆಲ್ಲ ಕಲಿಯುತ್ತಿದ್ದೇವೆ, ಅದೂ ಚೆಂದದ ಭಾಷೆಯೇ, ನಿಮ್ಮ ಇಲಾಖೆಯ ಬಗ್ಗೆ ಮಾತಾಡಲು ಅದರಲ್ಲಿ ಒಳ್ಳೊಳ್ಳೆಯ ಸನ್ನೆಗಳಿವೆ. ಆದರೆ ಮಾತಾಡಬೇಕೆಂಬ ಆಸೆ ಅವಳದು. ಈಗಲೂ ಅಂಗಡಿಗೆ ಬಂದರೆ ಬೆಂಚಿನ ಮೇಲೆ ಕೂತವರ ತುಟಿಗಳನ್ನು ಕನ್ನಡಿಯಲ್ಲಿ ನೋಡುತ್ತಾ, ತನ್ನ ತುಟಿಯನ್ನೂ ಹಾಗೇ ಆಡಿಸುತ್ತಾಳೆ. ಸದ್ದು ಹೊರಡುವುದಿಲ್ಲ. ಅದನ್ನು ನೋಡಿಕೊಂಡು ನಾನು ಇನ್ನೊಬ್ಬರ ಗಡ್ಡ ಕೆರೆಯಬೇಕು.

ನೀವು ಏನು ಮಾಡಬೇಕು ಎಂದು ಕೇಳಬಹುದು. ದೊಡ್ಡ ಸಮಿತಿ ಮಾಡಿ, ಅದಕ್ಕೊಂದು ಉಪಸಮಿತಿ ಮಾಡಿ ಎಂದು ನಾನು ಹೇಳುವುದಿಲ್ಲ, ಅದು ನಿಮಗೇ ಚೆನ್ನಾಗಿ ಬರುತ್ತದೆ. ಮಗುವಿನ ಅಚ್ಚು ಬದಲಾಯಿಸಿದರೆ ಅದನ್ನು ದೋಷವೆನ್ನದೆ ಕೆಲಸ ಎಂದು ಎಣಿಸಿ. ಒಂದು ಸಾಲು ಹೊಡೆದುಹಾಕಿದರೆ ಆಗುವ ಕೆಲಸ. ಎಷ್ಟು ಯಂತ್ರ ಕಾರ್ಖಾನೆಯಿಂದ ಹೊರಟಿತು ಎಂದು ಕೇಳುವ ಬದಲು, ಹೋದ ವರ್ಷ ಕೊಟ್ಟ ಯಂತ್ರಗಳಲ್ಲಿ ಎಷ್ಟು ಈ ವರ್ಷ ಕಿವಿಯ ಮೇಲಿವೆ, ಎಷ್ಟು ದಿಂಬಿನ ಕೆಳಗಿವೆ ಎಂದು ಕೇಳಿ. ದೂರನ್ನು ಯಾರು ಹೇಗೆ ಕೊಟ್ಟರೂ ತೆಗೆದುಕೊಳ್ಳಿ, ದೂರು ಬಂದ ಸಂಸ್ಥೆಗೆ ಅಂಕ ಕಳೆಯಬೇಡಿ, ದೂರು ಸರಿಪಡಿಸದ ಸಂಸ್ಥೆಗೆ ಕಳೆಯಿರಿ. ಈಗಿನ ಲೆಕ್ಕದಲ್ಲಿ ಬಾಗಿಲು ಭದ್ರವಾಗಿ ಹಾಕಿಕೊಂಡವರಿಗೇ ಮೊದಲ ಬಹುಮಾನ. ಆಡಳಿತ ಮಂಡಳಿಯ ನಿಮ್ಮ ಕುರ್ಚಿಗೆ ಪ್ರತಿ ವರ್ಷ ಹೊಸಬರನ್ನು ಕಳಿಸುವುದನ್ನು ನಿಲ್ಲಿಸಿ. ಅವರು ಯಂತ್ರವನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಕಲಿಯುವಷ್ಟರಲ್ಲಿ ವರ್ಗವಾಗಿರುತ್ತದೆ. ಆ ಕುರ್ಚಿಯ ಪಕ್ಕದಲ್ಲಿ ಯಂತ್ರ ಹಾಕಿಕೊಂಡವರೊಬ್ಬರಿಗೂ ಕುರ್ಚಿ ಹಾಕಿ. ತನಿಖೆಗೆ ಹೋಗುವಾಗ ಹೇಳದೆ ಹೋಗಿ, ಅದೂ ಕಾರ್ಖಾನೆಗಲ್ಲ, ಯಾವುದಾದರೂ ಮನೆಗೆ. ಹೂಗುಚ್ಛ ಸಿಗಲಿಕ್ಕಿಲ್ಲ, ಕಾಫಿ ಸಿಗುತ್ತದೆ.

ಹೋದ ವಾರದ ಸಂಗತಿಯೊಂದನ್ನು ಹೇಳಿ ಮುಗಿಸುತ್ತೇನೆ. ಬಳಸುವವರೇ ಮಾತಾಡಬೇಕು ತಾನೇ, ಮಾತಾಡಲಿ ಎಂದು ನನ್ನ ಹೆಂಡತಿ ಹಟ ಹಿಡಿದಳು. ಟೀಚರ್ ಬುಗುರಿಯನ್ನು ಎದುರು ಕೂರಿಸಿಕೊಂಡು, ತಮ್ಮ ಗಂಟಲ ಮೇಲೆ ಅವಳ ಕೈ ಇರಿಸಿಕೊಂಡು, ಒಂದೇ ವಾಕ್ಯವನ್ನು ದಿನವೂ ಹೇಳಿಸಿದರು: "ನನ್ನ ಕಿವಿ ದೊಡ್ಡದಾಯ್ತು, ಹೊಸ ಅಚ್ಚು ಬೇಕು." ಯಂತ್ರ ಹಾಕಿದರೆ ಶಿಳ್ಳೆ ಹೊಡೆಯುತ್ತದೆಂದು ಯಂತ್ರವಿಲ್ಲದೆಯೇ, ಸ್ಪೀಕರ್ ಹಾಕಿ ಫೋನು ಕೊಟ್ಟೆವು. ಆ ಕಡೆಯವರು ಮಾತು ಮುಗಿಸಿದಾಗ ಹೆಂಡತಿ ಅವಳ ಭುಜ ತಟ್ಟಿದಳು. ಬುಗುರಿ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡು, ಕಣ್ಣು ಮುಚ್ಚಿ, ಮೈಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಹೇಳಿದಳು. ಎರಡು ಸಲ ಹೇಳಿದಳು. ನಮಗೆ ಪ್ರತಿ ಅಕ್ಷರ ಅರ್ಥವಾಯಿತು. ಸ್ವಲ್ಪ ಹೊತ್ತಿಗೆ ನಿಗಮದಿಂದ ಸಂದೇಶ ಬಂತು: "ಮಾತು ಸ್ಪಷ್ಟವಿಲ್ಲದ ಕಾರಣ ತಮ್ಮ ಕರೆಯನ್ನು ಮುಕ್ತಾಯಗೊಳಿಸಲಾಗಿದೆ. ದೂರು ದಾಖಲಾಗಿಲ್ಲ."

ಅವಳು ನನ್ನ ಮುಂಗೈ ಹಿಡಿದು ಜಗ್ಗುತ್ತಿದ್ದಳು. ಮುಖವೆಲ್ಲ ಬೆವರು, ಏನೋ ಗೆದ್ದು ಬಂದ ಹಾಗೆ ನಗು. ಏನಂದರು ಎಂದು ಸನ್ನೆ ಮಾಡಿದಳು. ನನ್ನ ಹೆಂಡತಿ ಎದ್ದು ಒಳಗೆ ಹೋದಳು. ನಾನು ಸುಳ್ಳು ಹೇಳಿದೆ. ಬಾ ಅಂದರು, ಹೊಸ ಅಚ್ಚು ಮಾಡಿಕೊಡ್ತಾರಂತೆ ಎಂದು ಕೈಯಲ್ಲೂ ಬಾಯಲ್ಲೂ ಹೇಳಿದೆ.

ಆವತ್ತಿನಿಂದ ಬೆಳಗಾದರೆ ತಾನೇ ತಲೆ ಬಾಚಿಕೊಂಡು, ಶೂ ಹಾಕಿಕೊಂಡು, ಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂರುತ್ತಾಳೆ. ನಾನು ಅಂಗಡಿಗೆ ಹೊರಡುವಾಗ ತಲೆಯೆತ್ತಿ, "ಇವತ್ತು?" ಅನ್ನುತ್ತಾಳೆ. ಆ ಒಂದು ಮಾತು ಇನ್ನೂ ಸ್ಪಷ್ಟವಾಗಿದೆ.

ನನ್ನ ಬೇಡಿಕೆ ಇಷ್ಟೇ. ಯಾವತ್ತು ಎಂದು ಹೇಳಿ. ನನಗೆ ಪತ್ರ ಬರೆಯುವುದು ಬೇಡ, ಫೋನಂತೂ ಬೇಡವೇ ಬೇಡ. ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು, ಮೆಟ್ಟಿಲ ಹತ್ತಿರ ಅವಳಿಗೆ ನಿಮ್ಮ ತುಟಿ ಕಾಣಿಸುವಷ್ಟು ಬಗ್ಗಿ, ನಿಧಾನವಾಗಿ ಅವಳಿಗೇ ಹೇಳಿ.

ಇಂತಿ,
ನಿಮ್ಮ ಹೆಸರಿನಲ್ಲಿ ಮಗಳಿಗೆ ಸುಳ್ಳು ಹೇಳಿ, ದಿನಾ ಹಿಂದಿನ ಬಾಗಿಲಿನಿಂದ ಕೆಲಸಕ್ಕೆ ಹೋಗಲು ಕಲಿಯುತ್ತಿರುವ
ಒಬ್ಬ ಕ್ಷೌರಿಕ